ಕಪ್ಪು ಶಿಲೀಂಧ್ರ: ನೇತ್ರ ವೈದ್ಯರ ಅಧ್ಯಯನ ನಮ್ಮ ಶಿಬಿರಗಳಿಗೆ ಹೇಳುವುದೇನು?

ಮುಂಬ್ರಾ, ಡೊಂಬಿವಲಿ, ಕಲ್ಯಾಣ್, ಅತ್ತ ನವಿಮುಂಬಯಿ ಪರಿಸರದ ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ವರದಿ ತೆರೆದರೆ ಅರಸಿನ ಕುಂಕುಮ, ಯಕ್ಷಗಾನ, ವಿದ್ಯಾರ್ಥಿವೇತನಗಳ ಸಾಲಿನಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರವೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಊರಿನಲ್ಲಿ ಡಾ| ಎಂ. ಸಿ. ಮೋದಿಯವರ ಸಂಚಾರಿ ಶಿಬಿರಗಳ ಬಗ್ಗೆ ಕೇಳುತ್ತಾ ಬೆಳೆದವರಿಗೆ ಕಣ್ಣಿನ ಸೇವೆ ಎಂದರೆ ಇದೇ. ಪೊರೆ ಬಂದಿದೆಯೇ ಎಂದು ನೋಡುವುದು, ಕನ್ನಡಕದ ನಂಬರು ಬರೆದುಕೊಡುವುದು, ಕೊನೆಗೆ ಪದಾಧಿಕಾರಿಗಳ ಜತೆ ಒಂದು ಫೋಟೋ. ಇದರಿಂದ ನೂರಾರು ಮಂದಿಗೆ ಉಪಕಾರವಾಗಿರುವುದು ಸುಳ್ಳಲ್ಲ. ಆದರೆ 2021ರ ಬೇಸಗೆಯಲ್ಲಿ ಕಣ್ಣು ಕಳೆದುಕೊಂಡವರಿಗೆ ಅಡ್ಡಿಯಾದದ್ದು ಪೊರೆಯೂ ಅಲ್ಲ, ನಂಬರೂ ಅಲ್ಲ.

ಕೊರೊನಾದ ಎರಡನೇ ಅಲೆಯ ಆ ದಿನಗಳು ಯಾರಿಗೂ ಮರೆತಿರಲಿಕ್ಕಿಲ್ಲ. ಮೇ ತಿಂಗಳಲ್ಲಿ ಕಲ್ಯಾಣ್-ಡೊಂಬಿವಲಿ ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗ ಈ ಸೋಂಕಿನಿಂದ ಇಬ್ಬರು ಮೃತಪಟ್ಟಿದ್ದಾರೆಂದು ತಿಳಿಸಿದಾಗ 'ಮ್ಯೂಕರ್‌ಮೈಕೋಸಿಸ್' ಎಂಬ ನಾಲಗೆ ಹೊರಳದ ಶಬ್ದ ನಮ್ಮ ಬಾಗಿಲಿಗೇ ಬಂದಿತ್ತು. ಮುಂಬಯಿಯಲ್ಲಿ ಕಣ್ಣು, ರೆಪ್ಪೆ ಮತ್ತು ಕಣ್ಣಿನ ಗೂಡಿನ ಶಸ್ತ್ರಚಿಕಿತ್ಸೆ ಮಾಡುವ ಡಾ| ಅಕ್ಷಯ್ ನಾಯರ್ ಅವರು ಆ ಏಪ್ರಿಲ್ ಒಂದೇ ತಿಂಗಳಲ್ಲಿ ಸುಮಾರು 40 ರೋಗಿಗಳನ್ನು ಕಂಡಿದ್ದಾಗಿಯೂ, ಅವರಲ್ಲಿ 11 ಮಂದಿಯ ಕಣ್ಣು ತೆಗೆಯಬೇಕಾಗಿ ಬಂದಿತೆಂದೂ ಬಿಬಿಸಿಗೆ ಹೇಳಿದ್ದರು. ಮೇ 20ರಂದು ಕೇಂದ್ರ ಸರಕಾರ ಇದನ್ನು ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಬೆಂಗಳೂರಿನ ಬೌರಿಂಗ್, ಹುಬ್ಬಳ್ಳಿಯ ಕಿಮ್ಸ್‌ನಂತಹ ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಾರ್ಡು ತೆರೆಯಲಾಯಿತು. ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಮನೆಮಂದಿ ಊರೂರು ಅಲೆದರು. ಜುಲೈ ವೇಳೆಗೆ ಸಂಸತ್ತಿನಲ್ಲಿ ನೀಡಲಾದ ಲೆಕ್ಕದ ಪ್ರಕಾರ ದೇಶದಲ್ಲಿ 45 ಸಾವಿರಕ್ಕೂ ಅಧಿಕ ಪ್ರಕರಣ, 4,300ಕ್ಕೂ ಅಧಿಕ ಸಾವು. ಪ್ರಕರಣಗಳಲ್ಲಿ ಮಹಾರಾಷ್ಟ್ರವೇ ಮುಂದೆ.

'ಕಪ್ಪು ಶಿಲೀಂಧ್ರ' ಎಂಬ ಹೆಸರೇ ಅಷ್ಟು ಸರಿಯಲ್ಲ. ಬೂಷ್ಟು ಕಪ್ಪಲ್ಲ. ಮಣ್ಣು, ಕೊಳೆತ ಹಣ್ಣು, ಹಳಸಿದ ಬ್ರೆಡ್ಡಿನಲ್ಲಿ ಇರುವ ಜಾತಿಯದ್ದೇ ಇದು. ಅದರ ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ರಕ್ತದಲ್ಲಿ ಸಕ್ಕರೆ ಏರಿ, ರೋಗನಿರೋಧಕ ಶಕ್ತಿ ಇಳಿದಿದ್ದರೆ ಅದು ಮೂಗಿನೊಳಗೆ ಬೇರೂರಿ ರಕ್ತನಾಳಗಳನ್ನೇ ಹೊಕ್ಕು ಮುಚ್ಚಿಬಿಡುತ್ತದೆ. ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಹೆಸರು ಬಂದದ್ದು ಹಾಗೆ.

ಮೂಗಿನಿಂದ ಕಣ್ಣಿಗೆ ಹೇಗೆ ಎಂದು ಕೇಳಬಹುದು. ಮೂಗಿನ ಪಕ್ಕದ ಗಾಳಿಯ ಕೋಣೆಗಳಿಗೂ ಕಣ್ಣಿನ ಗೂಡಿಗೂ ನಡುವೆ ಇರುವ ಎಲುಬು ಎಷ್ಟು ತೆಳು ಎಂದರೆ, ವೈದ್ಯಶಾಸ್ತ್ರದಲ್ಲಿ ಅದರ ಹೆಸರಿನ ಅರ್ಥವೇ 'ಕಾಗದದ ಹಾಳೆ' ಎಂದು. ಚಾಳಿನ ಎರಡು ಖೋಲಿಗಳ ನಡುವಿನ ಪತ್ರಾಸಿನ ಗೋಡೆಯಂತೆ ಎನ್ನಿ. ಅದನ್ನು ದಾಟಿದರೆ ಕಣ್ಣಿನ ಗೂಡು, ಅಲ್ಲಿಂದ ಹಿಂದಕ್ಕೆ ಹೋದರೆ ಮೆದುಳು.

ಈ ಕಾಯಿಲೆಯ ಬಗ್ಗೆ ನಮ್ಮ ದೇಶದ ವೈದ್ಯರೇ ಮಾಡಿದ ಅಧ್ಯಯನಗಳು ಆ ಗಡಿಬಿಡಿಯ ಮಧ್ಯೆ ನಡೆದವು ಎಂಬುದು ಹೆಮ್ಮೆಯ ವಿಷಯ. ದೇಶದ 16 ಆಸ್ಪತ್ರೆಗಳು ಸೇರಿ 2020ರ ಸೆಪ್ಟಂಬರ್‌ನಿಂದ ಡಿಸೆಂಬರ್‌ವರೆಗೆ 287 ರೋಗಿಗಳ ವಿವರ ಕಲೆಹಾಕಿದ್ದವು. ಅವರಲ್ಲಿ 187 ಮಂದಿಗೆ ಕೊರೊನಾದ ಸಂಬಂಧವಿತ್ತು. ಹಿಂದಿನ ವರ್ಷಕ್ಕಿಂತ ಪ್ರಕರಣಗಳು ಎರಡು ಪಟ್ಟು ಮೀರಿದ್ದವು. ಅಂದರೆ ಎಚ್ಚರಿಕೆಯ ಗಂಟೆ ಎರಡನೇ ಅಲೆಗೆ ಮೊದಲೇ ಬಾರಿಸಿತ್ತು, ಕೇಳಿಸಿಕೊಂಡವರು ಕಡಿಮೆ.

ಬಳಿಕ ಬಂದದ್ದು ಇನ್ನೂ ದೊಡ್ಡದು. ರೆಪ್ಪೆ ಮತ್ತು ಕಣ್ಣಿನ ಗೂಡಿನ ಶಸ್ತ್ರಚಿಕಿತ್ಸಕರ ಅಖಿಲ ಭಾರತ ಸಂಘಟನೆ ಹಾಗೂ ಇಂಡಿಯನ್ ಜರ್ನಲ್ ಆಫ್ ಆಫ್ತಾಲ್ಮಾಲಜಿ ಪತ್ರಿಕೆ ಜಂಟಿಯಾಗಿ ನಡೆಸಿದ 'ಕಾಸ್ಮಿಕ್' ಅಧ್ಯಯನ. ಡಾ| ಮೃತ್ತಿಕಾ ಸೇನ್, ಹೈದರಾಬಾದಿನ ಡಾ| ಸಂತೋಷ್ ಹೊನಾವರ್ (ಹೆಸರಿನಲ್ಲೇ ನಮ್ಮ ಕರಾವಳಿಯ ಊರಿದೆ ನೋಡಿ) ಮತ್ತು ಸಂಗಡಿಗರು 102 ಚಿಕಿತ್ಸಾ ಕೇಂದ್ರಗಳ 2,826 ರೋಗಿಗಳ ವಿವರವನ್ನು 2021ರಲ್ಲೇ ಪ್ರಕಟಿಸಿದರು.

ಅದರಲ್ಲಿ ನಮಗೆ ಬೇಕಾದ ಅಂಕಿಗಳು ಕೆಲವೇ. ಶೇ. 78 ಮಂದಿಗೆ ಮಧುಮೇಹವಿತ್ತು. ಶೇ. 87 ಮಂದಿಗೆ ಸ್ಟಿರಾಯ್ಡ್ ಕೊಡಲಾಗಿತ್ತು. ಸ್ಟಿರಾಯ್ಡ್ ಅನೇಕರ ಜೀವ ಉಳಿಸಿದ ಔಷಧ, ಅದನ್ನು ದೂರುವಂತಿಲ್ಲ. ಆದರೆ ಅದು ಸಕ್ಕರೆಯನ್ನು ಏರಿಸುತ್ತದೆ, ಅಳೆಯದೆ ತೆಗೆದುಕೊಂಡರೆ ಅಪಾಯ. ರೋಗಿಗಳ ಸರಾಸರಿ ಪ್ರಾಯ 52ರ ಆಸುಪಾಸು, ಹತ್ತರಲ್ಲಿ ಏಳು ಮಂದಿ ಗಂಡಸರು. ಅಂದರೆ ಮನೆಯ ದುಡಿಯುವ ಕೈ. ಶೇ. 44 ಮಂದಿಗೆ ಲಕ್ಷಣ ಕಾಣಿಸಿದ್ದು ಕೊರೊನಾ ಪತ್ತೆಯಾದ ಎರಡು ವಾರದ ನಂತರ, 'ಎಲ್ಲ ಮುಗಿಯಿತು' ಎಂದು ನಿಟ್ಟುಸಿರು ಬಿಟ್ಟ ಮೇಲೆ.

ಅಧ್ಯಯನದಲ್ಲಿ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ: ಮೂಗು, ಗಾಳಿಕೋಣೆ, ಕಣ್ಣಿನ ಗೂಡು, ಮೆದುಳು. ಶೇ. 72 ಮಂದಿಯಲ್ಲಿ ಸೋಂಕು ಕಣ್ಣಿನ ಗೂಡನ್ನು ತಲಪಿತ್ತು. ಎಲ್ಲಕ್ಕಿಂತ ದೊಡ್ಡ ಗುಂಪು, ಶೇ. 27, ಮೂರನೆಯ ಹಂತದೊಳಗೆ ದೃಷ್ಟಿಯೇ ಹೋಗುವ ಮಟ್ಟಕ್ಕೆ ಸೇರಿದ್ದು. ಸುಮಾರು ಮೂರನೇ ಒಂದು ಭಾಗ ರೋಗಿಗಳಿಗೆ ಕಣ್ಣುಗುಡ್ಡೆಯಷ್ಟೇ ಅಲ್ಲ, ಗೂಡಿನೊಳಗಿನ ಎಲ್ಲವನ್ನೂ ತೆಗೆಯಬೇಕಾಯಿತು. ಓದುವಾಗಲೇ ಎದೆ ಝಲ್ಲೆನ್ನುತ್ತದೆ. ಆದರೆ ಸೋಂಕು ಮೆದುಳಿಗೇರಿದವರಲ್ಲಿ ಇಂತಹ ಶಸ್ತ್ರಚಿಕಿತ್ಸೆ ಸಾವಿನ ಪ್ರಮಾಣವನ್ನು ಶೇ. 52ರಿಂದ 39ಕ್ಕೆ ಇಳಿಸಿತು ಎಂಬುದೂ ಅದೇ ವರದಿಯಲ್ಲಿದೆ. ಬೇಗ ಬಂದ ಕೆಲವರಿಗೆ ಕಣ್ಣಿನ ಹಿಂಬದಿಗೇ ಔಷಧ ಚುಚ್ಚಿ ಕಣ್ಣನ್ನು ಉಳಿಸಿಕೊಳ್ಳುವ ಪ್ರಯತ್ನವನ್ನೂ ವೈದ್ಯರು ಮಾಡಿದರು. ಒಟ್ಟಿನಲ್ಲಿ ಶೇ. 14 ಮಂದಿ ಬದುಕಲಿಲ್ಲ.

ಕೊರೊನಾದ ಅಬ್ಬರ ಮುಗಿದಿದೆ, ಈಗೇಕೆ ಈ ಮಾತು ಎನ್ನುವವರಿದ್ದಾರೆ. ಈ ಬೂಷ್ಟು ಕೊರೊನಾಕ್ಕಿಂತ ಮೊದಲೂ ನಮ್ಮ ದೇಶದಲ್ಲಿತ್ತು, ಮುಂದೆಯೂ ಇರುತ್ತದೆ. ಅದಕ್ಕೆ ಬೇಕಾದದ್ದು ಹತೋಟಿಯಲ್ಲಿಲ್ಲದ ಮಧುಮೇಹ. ಹೊಟೇಲು-ಕ್ಯಾಂಟೀನುಗಳಲ್ಲಿ ರಾತ್ರಿ ಹನ್ನೆರಡಕ್ಕೆ ಊಟ ಮಾಡಿ, ಬೆಳಗ್ಗಿನ ಲೋಕಲ್ ಹಿಡಿಯುವ ನಮ್ಮವರಿಗೆ ಸಕ್ಕರೆ ಕಾಯಿಲೆಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಗೊತ್ತಿದ್ದೂ ಅಳೆಸಿಕೊಳ್ಳದವರೇ ಹೆಚ್ಚು.

ಆದುದರಿಂದ ಮುಂದಿನ ನೇತ್ರ ಶಿಬಿರದಲ್ಲಿ ನೋಂದಣಿ ಮೇಜಿನ ಪಕ್ಕದಲ್ಲೇ ಬೆರಳ ತುದಿಯಿಂದ ಸಕ್ಕರೆ ಅಳೆಯುವ ಯಂತ್ರ ಇರಲಿ. ಬ್ಯಾನರಿಗೆ ತಗಲುವಷ್ಟೂ ಖರ್ಚು ಇದಕ್ಕಿಲ್ಲ. ಜತೆಗೆ ಒಂದು ಕನ್ನಡ ಕರಪತ್ರ: ಮುಖದ ಒಂದೇ ಬದಿಗೆ ನೋವು ಅಥವಾ ಬಾವು, ಮೂಗಿನಿಂದ ಕಪ್ಪು ಇಲ್ಲವೆ ರಕ್ತಮಿಶ್ರಿತ ಸ್ರಾವ, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು. ಮಧುಮೇಹಿಗಳಿಗೆ ಇವುಗಳಲ್ಲಿ ಒಂದು ಬಂದರೂ ಭಾನುವಾರದ ಶಿಬಿರಕ್ಕೆ ಕಾಯುವ ಹಾಗಿಲ್ಲ, ಅದೇ ದಿನ ದೊಡ್ಡಾಸ್ಪತ್ರೆ. ಮುಂಬ್ರಾದವರಿಗೆ ಕಳವಾದ ಪಾಲಿಕೆ ಆಸ್ಪತ್ರೆ ಒಂದೇ ಸ್ಟೇಷನ್ ದೂರ, ಇನ್ನೂ ಮುಂದೆ ಹೋದರೆ ಸಾಯನ್. ಕೆಮಿಸ್ಟರ ಅಂಗಡಿಯಿಂದ ಕಣ್ಣಿನ ಹನಿ ತಂದು ಎರಡು ದಿನ ನೋಡೋಣ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಕಣ್ಣಿಗೇ ಕುತ್ತು.

ಬದುಕಿ ಉಳಿದು ಒಂದು ಕಣ್ಣು ಕಳೆದುಕೊಂಡವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದೇ ಕಣ್ಣಿನಲ್ಲಿ ಆಳ-ದೂರದ ಅಂದಾಜು ಮೊದಲಿನಂತೆ ಸಿಗುವುದಿಲ್ಲ. ಸ್ಟೇಷನ್ನಿನ ಮೆಟ್ಟಿಲು, ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು, ಅಡುಗೆಮನೆಯ ಕುದಿಯುವ ಎಣ್ಣೆ ಎಲ್ಲವೂ ಹೊಸದಾಗಿ ಕಲಿಯಬೇಕಾದ ಪಾಠ. ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಇವರ ಅಂಗವೈಕಲ್ಯವನ್ನು ಶೇ. 30 ಎಂದು ನಿಗದಿಪಡಿಸಿತು. ಮೀಸಲಾತಿಯಂತಹ ಸವಲತ್ತಿಗೆ ಬೇಕಾದದ್ದು ಶೇ. 40. ಲೆಕ್ಕದಲ್ಲಿ ಇವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಖಾಲಿ ಗೂಡನ್ನು ಮುಚ್ಚಲು ರೆಪ್ಪೆ, ಹುಬ್ಬು ಸಮೇತ ಸಿಲಿಕೋನಿನ ಕೃತಕ ಕಣ್ಣು ಮಾಡಿಸಿ ಕನ್ನಡಕಕ್ಕೆ ಅಥವಾ ಅಂಟಿನಿಂದ ಕೂರಿಸಬಹುದು. ಅದರಿಂದ ಕಾಣಿಸುವುದಿಲ್ಲ, ಆದರೆ ಮದುವೆ-ಮುಂಜಿಗೆ ಮುಖ ಮರೆಸದೆ ಹೋಗಬಹುದು. ಉಳಿದ ಕಣ್ಣಿನ ರಕ್ಷಣೆಗೆ ಒಡೆಯದ ಗಾಜಿನ ಕನ್ನಡಕ ಸದಾ ಬೇಕು. ನಮ್ಮ ಸಂಘಗಳ ವೈದ್ಯಕೀಯ ನೆರವು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲಿಗೆ ಮಾತ್ರ ಮೀಸಲು. ಈ ಎರಡಕ್ಕೂ ಅದರಲ್ಲಿ ಪಾಲಿರಲಿ, ಅದೂ ಒಮ್ಮೆ ಕೊಟ್ಟು ಮುಗಿಸದೆ. ಸಿಲಿಕೋನಿನ ಬಣ್ಣ ಕೆಲವು ವರ್ಷಗಳಲ್ಲಿ ಮಾಸುತ್ತದೆ, ಮತ್ತೆ ಹೊಸದು ಮಾಡಿಸಬೇಕಾಗುತ್ತದೆ.