ತೋಟದ ಕೆರೆಗೆ ಎಷ್ಟು ಮೀನುಮರಿ?

ಅಬುಧಾಬಿಯ ಮಿನಾ ಮಾರುಕಟ್ಟೆಯಲ್ಲಿ ಹಮೂರಿನ ಬೆಲೆ ಕೇಳಿ ಹಿಂದೆ ಸರಿದಾಗಲೆಲ್ಲ ನಮಗೆ ನೆನಪಾಗುವುದು ಕುಂದಾಪುರದ ಕಡೆಯ ನಮ್ಮ ತೋಟದ ಕೆರೆ. ಸಂಘದ ಸದಸ್ಯರಲ್ಲಿ ಊರಿನಲ್ಲಿ ತೋಟ, ಕೆರೆ ಉಳಿಸಿಕೊಂಡವರು ಅನೇಕರಿದ್ದಾರೆ. ದುಬೈಯಲ್ಲಾಗಲಿ ಅಬುಧಾಬಿಯಲ್ಲಾಗಲಿ ನಾಲ್ಕು ಜನ ಸೇರಿದರೆ, "ಕೆರೆಗೆ ಒಂದಿಷ್ಟು ಮೀನುಮರಿ ಬಿಟ್ಟರೆ ಹೇಗೆ?" ಎಂಬ ಮಾತು ಬಂದೇ ಬರುತ್ತದೆ. ನಾವು ಬಿಟ್ಟು ಕೈ ಸುಟ್ಟುಕೊಂಡವರು. ಆದ್ದರಿಂದ ಈ ನಾಲ್ಕು ಮಾತು.

ನಮ್ಮ ಕೆರೆ 20 ಸೆಂಟ್ಸು. 2019ರ ಆಗಸ್ಟ್‌ನಲ್ಲಿ ರಜೆಗೆ ಹೋದಾಗ 2,000 ಮರಿ ತಂದು ಬಿಟ್ಟೆವು. "ಕೆರೆ ಹಿಡ್ದಷ್ಟೇ ಬಿಡ್ಕ್ ಮಗಾ" ಎಂದರು ಅಪ್ಪಯ್ಯ. ಗಲ್ಫಿನಿಂದ ಬಂದವರಿಗೆ ಅದು ಕೇಳಿಸಬೇಕಲ್ಲ! ಐದು ಪಟ್ಟು ಮರಿ ಬಿಟ್ಟರೆ ಐದು ಪಟ್ಟು ಮೀನು ಎಂಬುದು ನಮ್ಮ ಲೆಕ್ಕ.

ತಿಳಿದವರ ಲೆಕ್ಕವೇ ಬೇರೆ. ಸಾಧಾರಣ ಆರೈಕೆಯ ಕೆರೆಗೆ ಎಕರೆಗೆ ಸುಮಾರು 2,000 ಬೆರಳುದ್ದದ ಮರಿ. ಅಂದರೆ ನಮ್ಮ ಕೆರೆಗೆ 400 ಸಾಕು. ಅದರಲ್ಲೂ ಒಂದೇ ಜಾತಿಯಲ್ಲ. ಕಾಟ್ಲಾ ನೀರಿನ ಮೇಲುಭಾಗದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಹೆಚ್ಚುಕಡಿಮೆ ಸಮನಾಗಿ ಬಿಟ್ಟರೆ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ.

ಹನ್ನೊಂದು ತಿಂಗಳಾದರೂ ನಮ್ಮ ಮೀನು ಅಂಗೈಯಗಲ ದಾಟಲಿಲ್ಲ. ಬೆಳೆಯುತ್ತಿಲ್ಲವೆಂದು ಇಲ್ಲಿಂದ ಹಣ ಕಳಿಸಿ ಹಿಂಡಿ, ತೌಡು ಹೆಚ್ಚು ಹಾಕಿಸಿದೆವು. ಇದು ಎರಡನೆಯ ತಪ್ಪು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರು ಕಡುಹಸಿರಾಯಿತು. ಹಗಲು ಬಿಸಿಲಿದ್ದರೆ ಆ ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿಯಲ್ಲಿ ಮೀನಿನೊಡನೆ ತಾನೂ ಅದನ್ನು ಬಳಸುತ್ತದೆ. 2020ರ ಜುಲೈಯಲ್ಲಿ ನಾಲ್ಕು ದಿನ ಮೋಡ ಕವಿದು, ಒಂದು ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಕೊರೋನಾ ಕಾಲ, ನಾವು ಹೋಗುವಂತಿಲ್ಲ. ಎಪ್ಪತ್ತು ದಾಟಿದ ಅಪ್ಪಯ್ಯ ಸೊಂಟಮಟ್ಟ ನೀರಿಗಿಳಿದು ಕೊಡಪಾನದಿಂದ ನೀರೆತ್ತಿ ಎರಚುತ್ತಿದ್ದುದನ್ನು ಫೋನಿನಲ್ಲಿ ನೋಡುತ್ತ ಕುಳಿತೆವು. ಪಕ್ಕದ ಮನೆಯವರು ಪಂಪ್‌ಸೆಟ್ಟು ತಂದು ನೀರು ಚಿಮ್ಮಿಸುವಷ್ಟರಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ತೆಂಗಿನ ಬುಡಕ್ಕೆ ಹೂಳಿಸಿದೆವು. ಅಪ್ಪಯ್ಯ ಒಂದು ವಾರ ಜ್ವರದಲ್ಲಿ ಮಲಗಿದರು. ಮೀನಿನ ನಷ್ಟಕ್ಕಿಂತ ನಮ್ಮನ್ನು ಚುಚ್ಚಿದ್ದು ಅದು.

ಇನ್ನೊಂದು ಎಚ್ಚರಿಕೆ. ಇಲ್ಲಿ ಬುಲ್ಟಿ ಎಂದು ಮಾರುವ ತಿಲಾಪಿಯಾವನ್ನು ಕಂಡು, ಊರಿನ ಕೆರೆಗೂ ಅದನ್ನೇ ಬಿಡೋಣವೆಂದು ಕೆಲವರು ಕೇಳುತ್ತಾರೆ. ಈ ಗುಂಪಿನ ಒಂದು ಜಾತಿ ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿಮೀನು ಮೊಟ್ಟೆಯನ್ನು ಬಾಯಲ್ಲಿಟ್ಟು ಕಾಯುತ್ತದೆ. ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೆರೆ ತುಂಬುತ್ತದೆ, ಮೀನು ಮಾತ್ರ ದೊಡ್ಡದಾಗುವುದಿಲ್ಲ. ಕಾಟ್ಲಾ, ರೋಹು ಹಾಗಲ್ಲ. ಅವು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವಂಥವು. ನಿಂತ ಕೆರೆಯಲ್ಲಿ ಹೆಚ್ಚುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಇಂಥ ಗೆಂಡೆಮೀನಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿದ ಮೇಲೆಯೇ ನಮ್ಮಂಥವರಿಗೆ ಎಣಿಸಿ ಬಿಡಲು ಮರಿ ಸಿಗುವಂತಾದದ್ದು. ಎಣಿಸಿ ಬಿಟ್ಟಷ್ಟೇ ಇರುತ್ತವೆ ಎಂಬುದೇ ಇವುಗಳ ದೊಡ್ಡ ಅನುಕೂಲ.

ಮರುವರ್ಷ ಕೆರೆ ಬತ್ತಿಸಿ, ಹೂಳು ತೆಗೆದು, ಮರಿಗಳನ್ನು ತಿನ್ನುವ ಕಾಡುಮೀನು ಹಿಡಿಸಿ, ಸುಮಾರು 20 ಕಿಲೋ ಸುಣ್ಣ ಹಾಕಿಸಿದೆವು. ಮಳೆನೀರು ಹೊರಹೋಗುವ ತೂಬಿಗೆ ಬಲೆ ಕಟ್ಟಿಸಿದೆವು. ಮರಿ ತುಂಬಿದ ಚೀಲವನ್ನು ಕಾಲು ಗಂಟೆ ಕೆರೆಯಲ್ಲೇ ತೇಲಿಬಿಟ್ಟು, ನೀರಿನ ಬಿಸಿ ಸಮನಾದ ಮೇಲೆ ಬಾಯಿ ಬಿಚ್ಚಿದೆವು. ಎಣಿಸಿ 400. ಅಪ್ಪಯ್ಯ ದಿನಾ ಮೊಣಕೈವರೆಗೆ ಕೈ ಮುಳುಗಿಸಿ ನೋಡುತ್ತಾರೆ: ಅಷ್ಟರೊಳಗೇ ಅಂಗೈ ಮರೆಯಾಗುವಷ್ಟು ನೀರು ಹಸಿರಾಗಿದ್ದರೆ ಆ ದಿನ ಗೊಬ್ಬರವೂ ಇಲ್ಲ, ಹಿಂಡಿಯೂ ಇಲ್ಲ. ವರ್ಷ ತುಂಬುವಾಗ ಕಾಟ್ಲಾ ಕಿಲೋ ಹತ್ತಿರ ಬಂತು. ಮೊದಲ ಮೀನು ಹೋದದ್ದು ಪಂಪ್‌ಸೆಟ್ಟು ತಂದ ಮನೆಗೆ.

ಆದ್ದರಿಂದ, ಬಾಂಧವರೇ, ಮರಿ ಕೊಳ್ಳುವ ಮೊದಲು ಕೆರೆಯನ್ನು ಅಳೆಯಿರಿ. ಬೆಳಗಿನ ಜಾವ ಕೆರೆದಂಡೆಗೆ ಹೋಗುವವರು ಯಾರು ಎಂಬುದನ್ನೂ ಮನೆಯಲ್ಲಿ ಕೇಳಿಕೊಳ್ಳಿರಿ. ಹಣ ಇಲ್ಲಿಂದ ಕಳಿಸಬಹುದು. ನೀರು ನೋಡುವ ಕಣ್ಣು ಅಲ್ಲೇ ಇರಬೇಕು.