ಟಿ.ವಿ. ಕೊಳ್ಳುವವರು ಒಬ್ಬರು, ನೋಡುವವರು ಮತ್ತೊಬ್ಬರು

ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕೃತ ದರಗಳು 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದಾಗ ಟಿ.ವಿ. ಮಾರುಕಟ್ಟೆಯಲ್ಲಿ ಏಳು ವರ್ಷಗಳಿಂದ ನಿಂತಿದ್ದ ಗೋಡೆಯೊಂದು ಬಿದ್ದಿತು. 2017ರ ಜುಲೈನಲ್ಲಿ ಈ ತೆರಿಗೆ ಪದ್ಧತಿ ಆರಂಭವಾದಾಗ ಟಿ.ವಿ.ಗೆ ಶೇ 28ರ ಗರಿಷ್ಠ ದರ ವಿಧಿಸಲಾಗಿತ್ತು. 2018ರ ಜುಲೈನಲ್ಲಿ ತೀರ ಸಣ್ಣ ಪರದೆಯ ಟಿ.ವಿ.ಗಳನ್ನೂ, 2019ರ ಜನವರಿ 1ರಿಂದ 32 ಇಂಚಿನವರೆಗಿನ ಟಿ.ವಿ.ಗಳನ್ನೂ ಶೇ 18ರ ದರಕ್ಕೆ ಇಳಿಸಲಾಯಿತು. ಅದಕ್ಕಿಂತ ದೊಡ್ಡವು ಮಾತ್ರ ಶೇ 28ರಲ್ಲೇ ಉಳಿದವು. ಹೀಗಾಗಿ 32 ಇಂಚು ಎಂಬುದು ಕೇವಲ ಅಳತೆಯಾಗಿರದೆ ತೆರಿಗೆಯ ಗಡಿಯೂ ಆಗಿತ್ತು. ಈಗ ಎಲ್ಲಕ್ಕೂ ಶೇ 18. ತೆರಿಗೆಗೆ ಮೊದಲು 20,000 ರೂಪಾಯಿ ಬೆಲೆಯಿದ್ದ ದೊಡ್ಡ ಟಿ.ವಿ.ಗೆ ಗ್ರಾಹಕ ಮೊದಲು 25,600 ರೂಪಾಯಿ ತೆರಬೇಕಿತ್ತು. ಈಗಿನ ಲೆಕ್ಕದಲ್ಲಿ 23,600 ರೂಪಾಯಿ ಸಾಕು.

ಗೋಡೆ ಬಿದ್ದಮೇಲೆ ಅಂಗಡಿಯಲ್ಲಿ ಕೇಳಿಬರುವ ಸಲಹೆ ಒಂದೇ: 'ಇನ್ನು ಸ್ವಲ್ಪ ಹಾಕಿ, ದೊಡ್ಡದನ್ನೇ ತೆಗೆದುಕೊಳ್ಳಿ.' ಮಧ್ಯಮ ವರ್ಗದ ಆಯವ್ಯಯದೊಳಗೆ ಬರುವ ಟಿ.ವಿ.ಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹತ್ತರಿಂದ ಹದಿನೈದು ಸಾವಿರ ರೂಪಾಯಿ ಆಸುಪಾಸಿನ, 32 ಇಂಚಿನ 'ಎಚ್‌ಡಿ ರೆಡಿ' ಟಿ.ವಿ. ಎರಡನೆಯದು ಇಪ್ಪತ್ತು ಸಾವಿರದಿಂದ ಮೇಲಕ್ಕೆ ಸಿಗುವ, 43 ಇಂಚಿನ 4ಕೆ ಟಿ.ವಿ. ಇವೆರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಹಣ ಕೊಡುವವರು ಸಾಮಾನ್ಯವಾಗಿ ತಮ್ಮ ಅಭಿರುಚಿಯನ್ನೇ ಉತ್ತರವಾಗಿ ಇಟ್ಟುಕೊಂಡಿರುತ್ತಾರೆ. ಆದರೆ ಆ ಪರದೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಅನೇಕ ಮನೆಗಳಲ್ಲಿ ಬೇರೆಯೇ ಆಗಿರುತ್ತಾರೆ. ಅವರ ಅಗತ್ಯವನ್ನು ಯಾರೂ ವಿಚಾರಿಸುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಮಸ್ಯೆ.

ಮೊದಲು ಎರಡು ಟಿ.ವಿ.ಗಳ ನಡುವಣ ಅಂತರವನ್ನು ಅಂಕಿಗಳಲ್ಲಿ ನೋಡೋಣ. 'ಎಚ್‌ಡಿ ರೆಡಿ' ಪರದೆಯಲ್ಲಿ ಅಡ್ಡಲಾಗಿ 1,366, ಉದ್ದಕ್ಕೆ 768, ಒಟ್ಟು ಸುಮಾರು ಹತ್ತೂವರೆ ಲಕ್ಷ ಚಿತ್ರಬಿಂದುಗಳಿರುತ್ತವೆ. 4ಕೆ ಪರದೆಯಲ್ಲಿ 3,840 ಮತ್ತು 2,160, ಅಂದರೆ ಸುಮಾರು 83 ಲಕ್ಷ. ಬಿಂದುಗಳ ಲೆಕ್ಕದಲ್ಲಿ ಎಂಟು ಪಟ್ಟು, ಪರದೆಯ ವಿಸ್ತೀರ್ಣದಲ್ಲಿ ಶೇ 80ರಷ್ಟು ಹೆಚ್ಚು. ಬೆಲೆ ಮಾತ್ರ ಎರಡು ಪಟ್ಟು. ಕಾಗದದ ಮೇಲೆ ಎರಡನೆಯದೇ ಲಾಭದ ವ್ಯವಹಾರವಾಗಿ ಕಾಣುವುದು ಸಹಜ.

ಆದರೆ ನೋಡುವುದು ಮನುಷ್ಯನ ಕಣ್ಣು, ಅದಕ್ಕೂ ಮಿತಿಯಿದೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿ ಕೋನದ ಅರುವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಗುರುತಿಸಬಲ್ಲದು. ಈ ಅಳತೆಯನ್ನು ಅನ್ವಯಿಸಿದರೆ 32 ಇಂಚಿನ ಎಚ್‌ಡಿ ರೆಡಿ ಪರದೆಯ ಬಿಂದುಗಳು ಸುಮಾರು ಆರು ಅಡಿಗಿಂತ ದೂರದಲ್ಲಿ ಕುಳಿತವರಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. 43 ಇಂಚಿನ 4ಕೆ ಪರದೆಯ ಪೂರ್ಣ ಸೂಕ್ಷ್ಮತೆಯನ್ನು ಸವಿಯಬೇಕಾದರೆ ಮೂರು ಅಡಿಗಿಂತ ಹತ್ತಿರ ಕೂರಬೇಕು. ಐದೂವರೆ ಅಡಿ ದಾಟಿದರೆ ಅದೇ ಗಾತ್ರದ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣುವುದು ಕಷ್ಟ. ನಮ್ಮ ಮನೆಗಳ ಹಾಲ್‌ನಲ್ಲಿ ಸೋಫಾ ಸಾಮಾನ್ಯವಾಗಿ ಏಳರಿಂದ ಹತ್ತು ಅಡಿ ದೂರದಲ್ಲಿರುತ್ತದೆ. ಅಷ್ಟು ದೂರದಲ್ಲಿ ದೊಡ್ಡ ಟಿ.ವಿ.ಯಿಂದ ದೊರೆಯುವ ನಿಜವಾದ ಲಾಭ ಅದರ ಗಾತ್ರವೇ ಹೊರತು 4ಕೆ ಎಂಬ ಬಿರುದಲ್ಲ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯ. ಪರದೆ ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ಬರುವ ಪ್ರಸಾರದ ಗುಣಮಟ್ಟವನ್ನು ಅದು ಮೀರಲಾರದು. ನಮ್ಮಲ್ಲಿ ಎಸ್‌ಡಿ ಪ್ರಸಾರದ ಚಿತ್ರ 576 ಗೆರೆಗಳದ್ದು. ಕೇಬಲ್, ಡಿಟಿಎಚ್ ಅಥವಾ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್ ಸೇವೆಯ ಮೂಲಕ ಸುದ್ದಿ, ಧಾರಾವಾಹಿ, ಹಳೆಯ ಚಲನಚಿತ್ರ ನೋಡುವ ಮನೆಗಳಿಗೆ ಬರುವುದು ಬಹುಪಾಲು ಇದೇ. ಪ್ರಮುಖ ಮನರಂಜನಾ ವಾಹಿನಿಗಳಿಗೆ ಎಚ್‌ಡಿ ಆವೃತ್ತಿಗಳಿದ್ದರೂ ಅವಕ್ಕೆ ಪ್ರತ್ಯೇಕ ಚಂದಾ ಕೊಡಬೇಕು. ಎಸ್‌ಡಿ ಚಿತ್ರವನ್ನು 32 ಇಂಚಿನ ಪರದೆಯಲ್ಲಿ ಎಂಟು ಅಡಿ ದೂರದಿಂದ ನೋಡಿದರೆ ಗೆರೆಗಳು ಒಂದರಲ್ಲೊಂದು ಬೆರೆತು ಚಿತ್ರ ತಕ್ಕಮಟ್ಟಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. 43 ಇಂಚಿನಲ್ಲಿ ಅದೇ ಅಚ್ಚುಕಟ್ಟು ಬೇಕಾದರೆ ಹತ್ತೂವರೆ ಅಡಿ ಹಿಂದೆ ಸರಿಯಬೇಕು. 'ಹೊಸ ಟಿ.ವಿ. ತಂದಮೇಲೆ ಚಿತ್ರ ಮಸುಕಾಯಿತು' ಎಂಬ ದೂರಿನ ಹಿಂದಿರುವುದು ಎಷ್ಟೋ ವೇಳೆ ಇದೇ ಲೆಕ್ಕ. ಟಿ.ವಿ.ಯಲ್ಲಿ ದೋಷವಿರುವುದಿಲ್ಲ, ಹಳೆಯ ಪ್ರಸಾರವನ್ನು ದೊಡ್ಡ ಪರದೆ ಹಿಗ್ಗಿಸಿ ತೋರಿಸುತ್ತಿರುತ್ತದೆ.

ಹಾಗಾದರೆ ಹಿರಿಯರಿಗೆ ಸಣ್ಣದು, ಕಿರಿಯರಿಗೆ ದೊಡ್ಡದು ಎಂದು ತೀರ್ಮಾನಿಸಿಬಿಡಬಹುದೇ? ಅದೂ ಅವಸರದ ಮಾತು. ದೃಷ್ಟಿ ಮಂದವಾದವರಿಗೆ ಬೇಕಾದುದು ಸೂಕ್ಷ್ಮತೆಯಲ್ಲ, ದೊಡ್ಡ ಅಕ್ಷರ. ಸುದ್ದಿ ವಾಹಿನಿಯ ಅಡಿಬರಹವಾಗಲಿ, ಕ್ರಿಕೆಟ್ ಪಂದ್ಯದ ಅಂಕಪಟ್ಟಿಯಾಗಲಿ 43 ಇಂಚಿನ ಪರದೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕೊಂಚ ಹೆಚ್ಚೇ ದೊಡ್ಡದಾಗಿ ಕಾಣುತ್ತದೆ. ಪುಟ್ಟ ಕೋಣೆಯಲ್ಲಿ ಆರೇಳು ಅಡಿ ದೂರದಿಂದ ನೋಡುವ ಅಜ್ಜಿಗೆ 32 ಇಂಚು ಧಾರಾಳವಾಗಿ ಸಾಲುತ್ತದೆ. ಹಾಲ್‌ನ ಮೂಲೆಯ ಆರಾಮಕುರ್ಚಿಯಲ್ಲಿ ಹತ್ತು ಅಡಿ ದೂರ ಕೂರುವ ತಾತನಿಗೆ 43 ಇಂಚೇ ಲೇಸು, ಜೊತೆಗೆ ಅವರು ನೋಡುವ ನಾಲ್ಕೈದು ವಾಹಿನಿಗಳಲ್ಲಿ ಎಚ್‌ಡಿ ಆವೃತ್ತಿ ಇರುವವಕ್ಕೆ ಚಂದಾ ಕಟ್ಟಬೇಕು. ನಿರ್ಣಾಯಕವಾದುದು ವಯಸ್ಸಲ್ಲ, ಕುರ್ಚಿಯ ದೂರ, ಕಣ್ಣಿನ ಸ್ಥಿತಿ ಮತ್ತು ಪ್ರಸಾರದ ಮೂಲ.

ಇನ್ನು ಖರ್ಚಿನ ವಿಚಾರ. ದಿನಕ್ಕೆ ಐದು ಗಂಟೆಯಂತೆ ಆರು ವರ್ಷ ಬಳಸಿದರೆ ಒಟ್ಟು ಸುಮಾರು 11,000 ಗಂಟೆಗಳಾಗುತ್ತವೆ. 12,000 ರೂಪಾಯಿಯ ಟಿ.ವಿ.ಗೆ ಗಂಟೆಗೆ ಒಂದು ರೂಪಾಯಿ ಹತ್ತು ಪೈಸೆ, 24,000 ರೂಪಾಯಿಯ ಟಿ.ವಿ.ಗೆ ಎರಡು ರೂಪಾಯಿ ಇಪ್ಪತ್ತು ಪೈಸೆಯಷ್ಟು ಬೀಳುತ್ತದೆ. ವಿದ್ಯುತ್ತಿನಲ್ಲಿ ಚಿಕ್ಕದು ಸುಮಾರು 50 ವಾಟ್, ದೊಡ್ಡದು 90 ವಾಟ್ ಬಳಸುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ 73 ಯೂನಿಟ್‌ಗಳ ವ್ಯತ್ಯಾಸ. ಇವೆರಡೂ ಮಧ್ಯಮ ವರ್ಗದ ಕುಟುಂಬ ತಾಳಿಕೊಳ್ಳಬಹುದಾದ ಹೊರೆಗಳೇ.

ನಿಜವಾದ ಹೊರೆ ಇರುವುದು ಮಾಸಿಕ ಚಂದಾದಲ್ಲಿ. ಉದಾಹರಣೆಗೆ, ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಪ್ರಕಟಿಸಿದ ದರಪಟ್ಟಿಯಲ್ಲಿ ಮೂಲ ಯೋಜನೆಗೆ ತಿಂಗಳಿಗೆ 199 ರೂಪಾಯಿ, ಫುಲ್ ಎಚ್‌ಡಿ ಯೋಜನೆಗೆ 499, 4ಕೆ ಯೋಜನೆಗೆ 649 ರೂಪಾಯಿ ಇತ್ತು. ಮೂಲ ಯೋಜನೆಗೂ 4ಕೆ ಯೋಜನೆಗೂ ಇರುವ 450 ರೂಪಾಯಿ ಅಂತರವನ್ನು ಆರು ವರ್ಷಕ್ಕೆ ಗುಣಿಸಿದರೆ 32,400 ರೂಪಾಯಿ, ಟಿ.ವಿ.ಯ ಬೆಲೆಗಿಂತಲೂ ಹೆಚ್ಚು. ದುಬಾರಿ ಯೋಜನೆಯಲ್ಲಿ ಏಕಕಾಲಕ್ಕೆ ನಾಲ್ಕು ಪರದೆಗಳಲ್ಲಿ ನೋಡುವ ಸೌಲಭ್ಯವಿದೆ ನಿಜ. ಅದು ಬೇಕಾದ ಮನೆಗಳೂ ಇವೆ. ಆದರೆ ಕೇವಲ ಚಿತ್ರದ ಸೊಗಸಿಗಾಗಿ ಹಣ ಕೊಡುವವರು ಒಂಬತ್ತು ಅಡಿ ದೂರದಿಂದ 43 ಇಂಚಿನ ಪರದೆಯನ್ನು ನೋಡುತ್ತಿದ್ದರೆ ತಮ್ಮ ಕಣ್ಣಿಗೆ ಕಾಣದ ವಸ್ತುವಿಗೆ ತಿಂಗಳು ತಿಂಗಳೂ 150 ರೂಪಾಯಿ ತೆರುತ್ತಿದ್ದಾರೆ ಎನ್ನದೆ ವಿಧಿಯಿಲ್ಲ. ಅರ್ಥಶಾಸ್ತ್ರದಲ್ಲಿ ಪೂರಕ ಸರಕು ಎಂಬ ಪರಿಕಲ್ಪನೆಯಿದೆ. ಕಾರು ಕೊಂಡವನು ಪೆಟ್ರೋಲ್ ಕೊಳ್ಳಲೇಬೇಕು. 4ಕೆ ಟಿ.ವಿ.ಯೂ ಅಂಥದೇ, ಅದರ ಬೆಲೆಚೀಟಿಯಲ್ಲಿ ಪೂರಕ ಸರಕಿನ ಬೆಲೆ ನಮೂದಾಗಿರುವುದಿಲ್ಲ, ಅಷ್ಟೆ.

ಸಂಜೆ ಮನೆಮಂದಿಯೆಲ್ಲ ಸೇರಿ ಅಂತರ್ಜಾಲದ ಮೂಲಕ ಚಿತ್ರ, ಕ್ರಿಕೆಟ್ ನೋಡುವ ಮನೆಗೆ ಎರಡನೆಯ ಟಿ.ವಿ. ಯೋಗ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿಯೂ ಕೆಲವು ವಿಷಯಗಳನ್ನು ವಿಚಾರಿಸಬೇಕು. ಪರದೆಯ ಫಲಕದಲ್ಲಿ ಮುಖ್ಯವಾಗಿ ಎರಡು ಬಗೆ. ಐಪಿಎಸ್ ಫಲಕವನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದು ಕಡಿಮೆ; ಹಾಲ್‌ನಲ್ಲಿ ಅಲ್ಲಲ್ಲಿ ಕುಳಿತು ನೋಡುವ ಕುಟುಂಬಕ್ಕೆ ಇದು ಒಳ್ಳೆಯದು. ವಿಎ ಫಲಕದಲ್ಲಿ ಕಪ್ಪು ಹೆಚ್ಚು ಗಾಢವಾಗಿ ಕಾಣುತ್ತದೆ. ರಾತ್ರಿ ದೀಪವಾರಿಸಿ ನೇರ ಎದುರಿಗೆ ಕುಳಿತು ಸಿನಿಮಾ ನೋಡುವವರಿಗೆ ಅದು ಹಿತ. ಎಚ್‌ಡಿಆರ್ ಎಂಬ ಮುದ್ರೆಯನ್ನು ಕಂಡು ಮರುಳಾಗಬೇಕಿಲ್ಲ. ಕಡಿಮೆ ಬೆಲೆಯ ಟಿ.ವಿ.ಗಳು ಆ ಸಂಕೇತವನ್ನು ಸ್ವೀಕರಿಸುತ್ತವೆಯೇ ಹೊರತು ಅದಕ್ಕೆ ತಕ್ಕ ಪ್ರಕಾಶವನ್ನು ತೋರಿಸುವ ಶಕ್ತಿ ಅವುಗಳಿಗಿರುವುದಿಲ್ಲ.

ಹಗಲೆಲ್ಲ ಮನೆಯಲ್ಲಿರುವ ಹಿರಿಯರ ಕಷ್ಟ ಬೇರೆ ತೆರನಾದದ್ದು. ಅವರನ್ನು ಸೋಲಿಸುವುದು ಚಿತ್ರವಲ್ಲ, ರಿಮೋಟ್. ಟಿ.ವಿ.ಗೊಂದು, ಸೆಟ್‌ಟಾಪ್ ಬಾಕ್ಸ್‌ಗೊಂದು ರಿಮೋಟ್, ಸ್ಮಾರ್ಟ್ ಟಿ.ವಿ. ಹಾಕಿದೊಡನೆ ಕಾಣುವುದು ವಾಹಿನಿಯಲ್ಲ, ಜಾಹೀರಾತು ಬೆರೆತ ಚಿತ್ರಫಲಕಗಳ ಸಾಲು. ಅರಿಯದೆ ಒಂದು ಗುಂಡಿ ಒತ್ತಿದರೆ ಧಾರಾವಾಹಿ ಮಾಯವಾಗಿ, ಮಗನೋ ಸೊಸೆಯೋ ಕಚೇರಿಯಿಂದ ಬರುವವರೆಗೆ ಕಾಯಬೇಕಾದ ಪರಿಸ್ಥಿತಿ. ಇದಕ್ಕೆ ಸುಲಭ ಪರಿಹಾರಗಳಿವೆ. ಹಾಕಿದೊಡನೆ ನೇರವಾಗಿ ಸೆಟ್‌ಟಾಪ್ ಬಾಕ್ಸ್‌ಗೆ ಹೋಗುವ ಏರ್ಪಾಡು ಅನೇಕ ಟಿ.ವಿ.ಗಳಲ್ಲಿರುತ್ತದೆ, ಅದನ್ನು ಅಂಗಡಿಯಲ್ಲೇ ಮಾಡಿಸಿ ನೋಡಬೇಕು. ಉಪಗ್ರಹ ಪ್ರಸಾರವನ್ನು ಪ್ರತ್ಯೇಕ ಪೆಟ್ಟಿಗೆಯಿಲ್ಲದೆ ನೇರವಾಗಿ ಗ್ರಹಿಸುವ ಟಿ.ವಿ.ಗಳಿಗೆ ಭಾರತೀಯ ಮಾನಕ ಬ್ಯೂರೋ 2022ರ ಮಾನಕವೊಂದನ್ನು ರೂಪಿಸಿದೆ. ಉಚಿತ ಪ್ರಸಾರವನ್ನಷ್ಟೇ ನೋಡುವ ಮನೆಯವರು ಅಂಥ ಟಿ.ವಿ.ಯನ್ನು ಕೇಳಿ ಪಡೆದರೆ ಒಂದು ಪೆಟ್ಟಿಗೆ, ಒಂದು ರಿಮೋಟ್ ಕಡಿಮೆಯಾಗುತ್ತದೆ. ಕಿವಿ ಮಂದವಾದವರಿಗಾಗಿ ಹೆಡ್‌ಫೋನ್ ಜೋಡಿಸುವ ಸೌಲಭ್ಯ ಇದೆಯೇ ಎಂದು ಪರೀಕ್ಷಿಸುವುದೂ ಅಗತ್ಯ. ತೆಳುವಾದ ಟಿ.ವಿ.ಗಳ ಸ್ಪೀಕರ್ ಹಿಂಬದಿಗೋ ಕೆಳಮುಖವಾಗಿಯೋ ಇರುವುದರಿಂದ ಸಂಗೀತ ಕೇಳಿಸಿದರೂ ಮಾತು ಸ್ಪಷ್ಟವಾಗುವುದಿಲ್ಲ.

ಎರಡೂ ಬಗೆಯ ಟಿ.ವಿ.ಗಳಿಗೆ ಸಮಾನವಾದ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಪರದೆ ಏಳೆಂಟು ವರ್ಷ ಬಾಳಬಹುದು. ಒಳಗಿರುವ ತಂತ್ರಾಂಶ ಅಷ್ಟು ಕಾಲ ಬಾಳುವುದಿಲ್ಲ. ಅಗ್ಗದ ಟಿ.ವಿ.ಗಳಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ಜಿಬಿ ರ್‍ಯಾಮ್ ಇರುತ್ತದೆ. ಮೂರ್ನಾಲ್ಕು ವರ್ಷಗಳಲ್ಲಿ ಆ್ಯಪ್‌ಗಳು ಭಾರವಾಗಿ ಟಿ.ವಿ. ತೆವಳತೊಡಗುತ್ತದೆ. ಆಗ ಇಡೀ ಟಿ.ವಿ.ಯನ್ನೇ ಬದಲಿಸುವ ಅಗತ್ಯವಿಲ್ಲ. ಕೆಲವು ಸಾವಿರ ರೂಪಾಯಿಯ ಸ್ಟ್ರೀಮಿಂಗ್ ಕಡ್ಡಿಯನ್ನು ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಅದು ಮತ್ತೆ ಚುರುಕಾಗುತ್ತದೆ.

ಗ್ರಾಹಕನಿಗೆ ಇವೆಲ್ಲವನ್ನೂ ಹೇಳಬೇಕಾದವರು ಯಾರು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕೆಂದು ಒಪ್ಪಿಕೊಂಡಿದೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯ ಮೇಲೆ ವಾರ್ಷಿಕ ವಿದ್ಯುತ್ ಬಳಕೆ ನಮೂದಾಗಿರುವುದರಿಂದಲೇ ಎರಡು ಟಿ.ವಿ.ಗಳ ಬಳಕೆಯನ್ನು ಹೋಲಿಸುವುದು ಸಾಮಾನ್ಯನಿಗೂ ಸಾಧ್ಯವಾಗಿದೆ. ಅದೇ ಚೀಟಿಯ ಪಕ್ಕದಲ್ಲಿ ಇನ್ನೂ ಮೂರು ಸಾಲು ಸೇರಿದರೆ ಸಾಕು: ತಂತ್ರಾಂಶದ ಸುಧಾರಣೆ ಎಷ್ಟು ವರ್ಷ ದೊರೆಯುತ್ತದೆ, ಪರದೆಯ ಗರಿಷ್ಠ ಪ್ರಕಾಶ ಎಷ್ಟು, ಎಷ್ಟು ಅಡಿ ದೂರದಿಂದ ನೋಡಲು ಅದು ಯೋಗ್ಯ. ಇದರಿಂದ ಸರ್ಕಾರದ ಬೊಕ್ಕಸಕ್ಕೆ ಹೇಳಿಕೊಳ್ಳುವಂಥ ಖರ್ಚಿಲ್ಲ. ಉತ್ಪಾದಕರಿಗೂ ದೊಡ್ಡ ಹೊರೆಯಿಲ್ಲ. ತೆರಿಗೆ ಇಳಿಸಿ ಗ್ರಾಹಕನ ಕೈಗೆ ಎರಡು ಸಾವಿರ ಉಳಿಸಿಕೊಟ್ಟ ಸರ್ಕಾರ ಆ ಹಣ ಸದ್ವಿನಿಯೋಗವಾಗುವಂತೆ ಮಾಹಿತಿಯನ್ನೂ ಕೊಡಿಸಬೇಕಾದದ್ದು ನ್ಯಾಯ.

ಅಲ್ಲಿಯವರೆಗೆ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಅಂಗಡಿಗೆ ಹೊರಡುವ ಮುನ್ನ ಒಂದು ಕಾಗದದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ಅವರು ದಿನಕ್ಕೆ ಎಷ್ಟು ಗಂಟೆ, ಏನನ್ನು, ಎಷ್ಟು ದೂರದಿಂದ ನೋಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅತಿ ಹೆಚ್ಚು ಗಂಟೆಗಳು ಯಾರ ಹೆಸರಿನ ಮುಂದೆ ಬರುತ್ತವೆಯೋ ಅವರನ್ನು ಅಂಗಡಿಗೆ ಕರೆದೊಯ್ಯಬೇಕು. ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುರ್ಚಿ ಹಾಕಿಸಿ, ರಿಮೋಟನ್ನು ಅವರ ಕೈಗೇ ಕೊಡಬೇಕು. ಅವರು ಯಾರ ನೆರವೂ ಇಲ್ಲದೆ ತಮಗೆ ಬೇಕಾದ ವಾಹಿನಿಯನ್ನು ಹಾಕಿ, ಅಡಿಬರಹವನ್ನು ಓದಬಲ್ಲ ಟಿ.ವಿ. ಯಾವುದೋ, ಆ ಮನೆಗೆ ಅದೇ ಸರಿಯಾದದ್ದು.