ಮಣ್ಣು ತಿನ್ನುವ ಮಗು

ಮಣ್ಣು ತಿಂದ ಕೃಷ್ಣನ ಕಥೆ ನಮ್ಮೆಲ್ಲರಿಗೂ ಪರಿಚಿತವಾದುದು. ಬಾಯಿ ತೆರೆಯೆಂದು ಗದರಿಸಿದ ಯಶೋದೆಗೆ ಅಲ್ಲಿ ಬ್ರಹ್ಮಾಂಡವೇ ಕಂಡಿತೆಂದು ಭಾಗವತದ ದಶಮ ಸ್ಕಂಧ ಹೇಳುತ್ತದೆ. ಹರಿದಾಸರು ಬಾಳಿದ ರಾಯಚೂರು ಸೀಮೆಯಲ್ಲಿ, ಗಬ್ಬೂರಿನಂತಹ ಹಳೆಯ ದೇಗುಲಗಳ ಊರಿನಲ್ಲಿ, ಈ ಕಥೆಯನ್ನು ಕೇಳದ ತಾಯಿ ಅಪರೂಪ. ಆದರೆ ತನ್ನ ಮಗುವೇ ಗೋಡೆಯ ಮಣ್ಣನ್ನು ಕೆರೆದು ಬಾಯಿಗಿಟ್ಟುಕೊಂಡಾಗ ಅವಳಿಗೆ ಬ್ರಹ್ಮಾಂಡ ಕಾಣುವುದಿಲ್ಲ. ಸಿಟ್ಟು ಬರುತ್ತದೆ, ನಾಲ್ವರ ಮುಂದೆ ನಾಚಿಕೆಯಾಗುತ್ತದೆ. ಮಗುವಿನ ಬೆನ್ನಿಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಮುನ್ನ ಯಶೋದೆಯಂತೆ ಬಾಯೊಳಗೆ ಒಮ್ಮೆ ನೋಡುವುದು ಒಳ್ಳೆಯದು. ನಾಲಿಗೆ ಬಿಳಿಚಿಕೊಂಡಿದೆಯೇ? ಕಣ್ಣಿನ ಕೆಳರೆಪ್ಪೆಯ ಒಳಭಾಗ ಕೆಂಪಾಗಿರದೆ ಮಾಸಿದೆಯೇ? ಹಾಗಿದ್ದರೆ ಅದು ತುಂಟತನವಲ್ಲ, ರಕ್ತಹೀನತೆಯ ಕುರುಹು.

ಮಣ್ಣು, ಬಳಪ, ಸುಣ್ಣ, ಇದ್ದಿಲು, ಬೂದಿ – ಇಂತಹ ಆಹಾರವಲ್ಲದ ವಸ್ತುಗಳನ್ನು ಒಂದು ತಿಂಗಳಿಗೂ ಮೀರಿ ತಿನ್ನುತ್ತಲೇ ಇರುವುದಕ್ಕೆ ವೈದ್ಯರು ‘ಪೈಕಾ’ ಎನ್ನುತ್ತಾರೆ. ಸಿಕ್ಕಿದ್ದನ್ನೆಲ್ಲ ಕೊಕ್ಕಿಗೆ ಹಾಕಿಕೊಳ್ಳುವುದೆಂದು ಹೆಸರಾದ, ಕಾಗೆಯ ಕುಲದ ಪಕ್ಷಿಯೊಂದರ ಲ್ಯಾಟಿನ್ ಹೆಸರದು. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಗ್ರಂಥ ಇದನ್ನು ಆಹಾರ ಸೇವನೆಯ ವಿಕಾರಗಳ ಸಾಲಿನಲ್ಲಿ ಇರಿಸಿತು. ಎರಡು ವರ್ಷದೊಳಗಿನ ಕೂಸು ಲೋಕವನ್ನು ಬಾಯಿಯಿಂದಲೇ ಅರಿಯುತ್ತದೆ, ಅದನ್ನು ರೋಗವೆನ್ನಲಾಗದು. ಆ ವಯಸ್ಸು ದಾಟಿದ ಮೇಲೂ ಅಭ್ಯಾಸ ನಿಲ್ಲದಿದ್ದರೆ ವಿಚಾರಿಸಬೇಕು.

ನಮ್ಮ ಪೂರ್ವಿಕರು ಇದನ್ನು ಎರಡು ಬಗೆಯಲ್ಲಿ ಕಂಡರು. ಕಾಳಿದಾಸನ ‘ರಘುವಂಶ’ದ ಮೂರನೆಯ ಸರ್ಗದಲ್ಲಿ ಗರ್ಭಿಣಿಯಾದ ಸುದಕ್ಷಿಣೆಯ ಬಾಯಿ ಮಣ್ಣಿನ ಕಂಪು ಸೂಸುತ್ತದೆ. ಹುಟ್ಟಲಿರುವ ಮಗ ಭೂಮಿಯನ್ನು ಆಳುವವನು. ಆದುದರಿಂದಲೇ ತಾಯಿಗೆ ಮೊದಲು ಮಣ್ಣಿನ ಮೇಲೆ ಬಯಕೆಯಾಯಿತೆಂಬುದು ಕವಿಯ ಕಲ್ಪನೆ. ಚರಕನ ದೃಷ್ಟಿ ಬೇರೆ. ಐದು ಬಗೆಯ ಪಾಂಡುರೋಗಗಳಲ್ಲಿ ಒಂದು ಮಣ್ಣು ತಿನ್ನುವುದರಿಂದಲೇ ಬರುವುದೆಂದೂ, ಜೀರ್ಣವಾಗದ ಮಣ್ಣು ದೇಹದ ಸ್ರೋತಸ್ಸುಗಳನ್ನು ತಡೆಯುವುದೆಂದೂ ಅವನ ಸಂಹಿತೆ ಹೇಳುತ್ತದೆ.

ಇಂದಿನ ವೈದ್ಯ ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತಾನೆ: ಮಣ್ಣಿನಿಂದ ರಕ್ತಹೀನತೆ ಬರುವಂತೆಯೇ ರಕ್ತಹೀನತೆಯಿಂದಲೂ ಮಣ್ಣಿನ ಬಯಕೆ ಬರುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕುಗ್ಗಿದಾಗ ಹಲವರಲ್ಲಿ ಈ ವಿಚಿತ್ರ ಹಸಿವು ಏಳುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದೆಯಲ್ಲ, ತಿಂದರೇನು ಎನ್ನಬಹುದು. ಅದು ಮೈಗೆ ಹತ್ತುವುದಿಲ್ಲ. ಬದಲಿಗೆ ಜೇಡಿಯಂತಹ ಮಣ್ಣು ಊಟದಲ್ಲಿದ್ದ ಕಬ್ಬಿಣವನ್ನೂ ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನೊಡನೆ ಜಂತುಹುಳುವಿನ ಮೊಟ್ಟೆಗಳೂ ಒಳಸೇರುತ್ತವೆ. ಹೀಗೆ ಕೊರತೆಯಿಂದ ಬಯಕೆ, ಬಯಕೆಯಿಂದ ಮತ್ತಷ್ಟು ಕೊರತೆ – ಗಾಣದ ಎತ್ತಿನ ಸುತ್ತಾಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೂ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ ರಕ್ತಹೀನತೆಯಿತ್ತು. ಇವರೆಲ್ಲರೂ ಮಣ್ಣು ತಿನ್ನುವವರಲ್ಲ. ಆದರೆ ಆ ಬಯಕೆ ಮೊಳೆಯಲು ನೆಲ ಎಷ್ಟು ಹದವಾಗಿದೆಯೆಂಬುದನ್ನು ಈ ಅಂಕಿಗಳು ತೋರುತ್ತವೆ.

ಚಿಕಿತ್ಸೆಯ ಮೊದಲ ಹೆಜ್ಜೆ ರಕ್ತಪರೀಕ್ಷೆ. ಕೊರತೆ ಕಂಡುಬಂದರೆ ವೈದ್ಯರು ಕಬ್ಬಿಣಾಂಶದ ಔಷಧಿಯನ್ನೂ ಜಂತುಹುಳುವಿನ ಮಾತ್ರೆಯನ್ನೂ ಕೊಡುತ್ತಾರೆ. ರಕ್ತ ಪೂರ್ತಿ ಸುಧಾರಿಸುವ ಮೊದಲೇ ಮಣ್ಣಿನ ಬಯಕೆ ಇಳಿದುಹೋಗುವುದುಂಟು. ಆದರೂ ಔಷಧಿಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು. ಮಲ ಕಪ್ಪಾಯಿತೆಂದು ಹೆದರಿ ಬಿಡಬಾರದು. ಅದು ಔಷಧಿಯ ಸಹಜ ಗುಣ. ರೊಟ್ಟಿಯೊಡನೆ ಸೊಪ್ಪು, ಕಾಳು, ಹಿಂಡಿದ ನಿಂಬೆಹಣ್ಣು ಇರಲಿ. ಊಟದ ಜೊತೆಗೆ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ.

ಎಲ್ಲ ಪ್ರಸಂಗಗಳೂ ಮಾತ್ರೆಯಿಂದ ಮುಗಿಯುವುದಿಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ, ಆರೈಕೆಯಿಲ್ಲದೆ ಒಂಟಿಯಾಗಿ ಬೆಳೆದವರಲ್ಲಿ ಈ ಅಭ್ಯಾಸ ಬೇರೂರಿರುತ್ತದೆ. ಮಗು ಯಾವ ಹೊತ್ತಿನಲ್ಲಿ, ಯಾವ ಬೇಸರದಲ್ಲಿ ಮಣ್ಣಿಗೆ ಕೈ ಹಾಕುತ್ತದೆಂದು ಗಮನಿಸಿ, ಆ ಹೊತ್ತಿಗೆ ತಿನ್ನಲು ಬೇರೆ ಪದಾರ್ಥವನ್ನೂ ಕೈಗೆ ಆಟವನ್ನೂ ಕೊಟ್ಟು, ಬಿಟ್ಟಾಗ ಮೆಚ್ಚಿ ನುಡಿಯಬೇಕು. ಇದು ತಾಳ್ಮೆಯ ಕೆಲಸ. ಹೊಟ್ಟೆ ಉಬ್ಬಿ ವಾಂತಿಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಕರುಳು ಕಟ್ಟಿರಬಹುದು. ಮನಸ್ಸಿನ ಸಲಹೆ ಬೇಕಾದವರಿಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಯ ದೂರವಾಣಿಯಿದೆ.

ಬಸುರಿಯಾದ ಸೊಸೆ ಸೆರಗಿನ ಮರೆಯಲ್ಲಿ ಬಳಪ ಕಚ್ಚುತ್ತಿದ್ದರೆ ಅತ್ತೆ ನಗಬಾರದು, ಬಯಕೆಯೆಂದು ಸುಮ್ಮನಿರಲೂಬಾರದು. ಬೈದರೆ ಬಳಪ ಮರೆಯಾಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಮೈ ತನಗೆ ತಿಳಿದ ಭಾಷೆಯಲ್ಲಿ ಬೇಡುತ್ತಿದೆ; ಬೇಡುವ ವಸ್ತುವಿನಲ್ಲಿ ಮಾತ್ರ ತಪ್ಪಿದೆ. ಆ ಬೇಡಿಕೆಯನ್ನು ಅರಿತು ಸರಿಯಾದುದನ್ನು ಕೊಡುವುದು ಮನೆಯವರ ಹೊಣೆ.